ಹೆಬ್ಬಾಳದ ಜಾಮ್‌ನಲ್ಲಿ ಕೂತಿದ್ದಾಗ ಇಡೀ ಫ್ಲೀಟ್ ಹೋಯ್ತು, ಈಗ ಮೂನ್ ಬಂದಿದೆ. ಏನ್ಮಾಡಲಿ?

ಯಲಹಂಕ_214

ಓಗೇಮ್ (ಆನ್‌ಲೈನ್ ಬಾಹ್ಯಾಕಾಶ ಯುದ್ಧದ ಆಟ) ಆಡೋರು ಯಾರಾದ್ರೂ ಇದ್ದೀರಾ? ನಿನ್ನೆ ಸಂಜೆ ನನ್ನ ಎಂಟು ತಿಂಗಳ ದುಡಿಮೆ ಮಣ್ಣುಪಾಲಾಯಿತು. 60 ಕ್ರೂಸರ್, 20 ಬ್ಯಾಟಲ್‌ಶಿಪ್, 80 ಲಾರ್ಜ್ ಕಾರ್ಗೋ. ಒಂದೂ ಉಳಿಯಲಿಲ್ಲ.

ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಇದ್ದಬದ್ದ ಮೆಟಲ್, ಕ್ರಿಸ್ಟಲ್ ಎಲ್ಲ ತುಂಬಿ, ನನ್ನದೇ ಇನ್ನೊಂದು ಗ್ರಹಕ್ಕೆ 10% ವೇಗದಲ್ಲಿ ಡಿಪ್ಲಾಯ್ ಮಾಡಿದ್ದೆ, ಹಾರಾಟದಲ್ಲಿರೋ ಫ್ಲೀಟನ್ನು ಯಾರೂ ಹೊಡೆಯೋಕಾಗಲ್ಲ ಅಂತ. ಇಳಿಯುವ ಸಮಯ ಸಂಜೆ 7:42. ನಾಗವಾರದಿಂದ ಯಲಹಂಕಕ್ಕೆ ಏಳು ಗಂಟೆ ಒಳಗೆ ಸೇರ್ತೀನಿ ಅನ್ನೋ ಲೆಕ್ಕ. ಮಳೆ ಶುರುವಾಯಿತು. ಹೆಬ್ಬಾಳ ಫ್ಲೈಓವರ್ ಹತ್ತಿರ ಬಸ್ ನಿಂತದ್ದು ನಿಂತೇಬಿಟ್ಟಿತು. ಫೋನ್‌ನಲ್ಲಿ 3% ಚಾರ್ಜ್. 7:20ಕ್ಕೆ ಅದೂ ಆಫ್. ಮುಂದಿನ ಸೀಟಿನವರ ಹತ್ತಿರ ಪವರ್ ಬ್ಯಾಂಕ್ ಕೇಳೋಣ ಅಂದ್ರೆ ಅವರು ಗಾಢ ನಿದ್ದೆಯಲ್ಲಿದ್ದರು.

ಮನೆ ಸೇರಿದಾಗ 9:10. ರಿಪೋರ್ಟ್ ತೆಗೆದು ನೋಡಿದೆ. ಫ್ಲೀಟ್ ಇಳಿದದ್ದು 7:42:10. ಅಟ್ಯಾಕ್ 7:42:14. ನಾಲ್ಕೇ ಸೆಕೆಂಡು! ಹೊಡೆದವನ ಕಡೆ ಹೋದದ್ದು ಹನ್ನೆರಡು ಲೈಟ್ ಫೈಟರ್. ಡೆಬ್ರಿಯನ್ನೂ (ಒಡೆದ ಹಡಗುಗಳ ಅವಶೇಷ) ಅವನೇ ಬಾಚಿಕೊಂಡು ಹೋಗಿದ್ದಾನೆ.

ತಲೆ ಮೇಲೆ ಕೈ ಹೊತ್ತು ಕೂತಿದ್ದು ನೋಡಿ ಅಮ್ಮ ಏನಾಯ್ತೋ ಅಂದರು. ಗ್ರಹ ಲೂಟಿ ಆಯ್ತಮ್ಮ ಅಂದೆ. "ಗ್ರಹಚಾರ ಸರಿ ಇಲ್ಲ ಅಂದ್ರೆ ಶನಿವಾರ ಹೋಗಿ ಎಳ್ಳುಬತ್ತಿ ಹಚ್ಚಿ ಬಾ, ಈಗ ಊಟಕ್ಕೆ ಏಳು" ಅಂದರು.

ವಿಚಿತ್ರ ಅಂದ್ರೆ, ಆ ಗ್ರಹದ ಪಕ್ಕ ಈಗ ಒಂದು ಮೂನ್ ಕಾಣಿಸ್ತಿದೆ. ರಿಪೋರ್ಟ್‌ನಲ್ಲಿ ಮೂನ್ ಹುಟ್ಟೋ ಚಾನ್ಸ್ 11% ಅಂತ ಇತ್ತು. ಅವನು ನಾಲ್ಕು ಸೆಕೆಂಡಿನ ಗುರಿ ಹೇಗೆ ಇಟ್ಟ? ಈ ಮೂನ್ ಇಟ್ಟುಕೊಂಡು ಏನು ಮಾಡೋದು? ಅಥವಾ ಸುಮ್ನೆ ಅಕೌಂಟ್ ಡಿಲೀಟ್ ಮಾಡಿ ನೆಮ್ಮದಿಯಾಗಿ ಇರಲಾ?

ಹಳೇ_ಸೈಬರ್

ಡಿಲೀಟ್ ಮಾಡಬೇಡ ಗುರು. ಹೊಡೆದವನು ನಿನಗೆ ಗೊತ್ತಿಲ್ಲದೆ ಉಡುಗೊರೆ ಕೊಟ್ಟು ಹೋಗಿದ್ದಾನೆ.

ನಾನು ಇದನ್ನು 2007ರಲ್ಲಿ ಗಾಂಧಿ ಬಜಾರ್ ಹತ್ತಿರದ ಒಂದು ಸೈಬರ್‌ನಲ್ಲಿ ಶುರು ಮಾಡಿದವನು. ಗಂಟೆಗೆ 20 ರೂಪಾಯಿ. ಹತ್ತು ನಿಮಿಷದಲ್ಲಿ ಫ್ಲೀಟ್ ಕಳಿಸಿ ಎದ್ದರೂ ಅರ್ಧ ಗಂಟೆ ದುಡ್ಡು ತಗೋತಿದ್ದರು. ಹಾಗಾಗಿ ವಾಪಸ್ ಬರುವ ಸಮಯವನ್ನು ನೋಟ್‌ಬುಕ್ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೆ. ಅಕೌಂಟೆನ್ಸಿ ನೋಟ್ಸ್‌ಗಿಂತ ಆ ಪುಟ ಅಚ್ಚುಕಟ್ಟಾಗಿತ್ತು.

ನಾಲ್ಕು ಸೆಕೆಂಡು ಅಂದ್ರೆ ಅದೃಷ್ಟ ಅಲ್ಲ, ಫ್ಯಾಲಂಕ್ಸ್, ಅಂದ್ರೆ ಮೂನ್ ಮೇಲೆ ಕಟ್ಟೋ ರೇಡಾರ್. ಅವನಿಗೆ ಹತ್ತಿರದಲ್ಲೇ ಎಲ್ಲೋ ಮೂನ್ ಇದೆ. ಅಲ್ಲಿಂದ ನಿನ್ನ ಗ್ರಹ ಸ್ಕ್ಯಾನ್ ಮಾಡಿದರೆ ಯಾವ ಫ್ಲೀಟ್ ಎಷ್ಟು ಗಂಟೆಗೆ ಇಳಿಯುತ್ತೆ ಅಂತ ಸೆಕೆಂಡ್ ಸಮೇತ ಕಾಣುತ್ತೆ. ಫ್ಯಾಲಂಕ್ಸ್ ಲೆವೆಲ್ 3 ಆದರೆ ಆಚೀಚೆ 8 ಸಿಸ್ಟಮ್ (ಸೌರಮಂಡಲ) ತನಕ ಕಾಣುತ್ತೆ, ಲೆವೆಲ್ 5 ಆದರೆ 24. ನಿನ್ನ ಹತ್ತಿರ ಫೋನ್ ಇದ್ದಿದ್ದರೆ ಅಟ್ಯಾಕ್ ಬರೋದು ನೋಡಿ ಡಿಪ್ಲಾಯ್ ವಾಪಸ್ ಕರೆಸಬಹುದಿತ್ತು. 7:42:09ರ ತನಕ ಸಮಯ ಇತ್ತು. ಹೊಟ್ಟೆ ಉರಿಸ್ತಿದೀನಿ ಅಂತ ಗೊತ್ತು, ಆದ್ರೂ ಹೇಳಬೇಕು.

11% ಲೆಕ್ಕ ಸರಿಯಾಗೇ ಇದೆ. ಒಡೆದ ಹಡಗುಗಳ ಮೆಟಲ್, ಕ್ರಿಸ್ಟಲ್‌ನಲ್ಲಿ 30% ಡೆಬ್ರಿ ಆಗುತ್ತೆ, ಡ್ಯುಟೀರಿಯಂ ಲೆಕ್ಕಕ್ಕಿಲ್ಲ. ನಿನ್ನದೇ ಸುಮಾರು 11,34,000. ಪ್ರತಿ ಒಂದು ಲಕ್ಷಕ್ಕೆ 1% ಚಾನ್ಸ್, ಎಷ್ಟೇ ಹೋದರೂ 20% ದಾಟಲ್ಲ. ಮೂನ್ ಹುಟ್ಟೋದು ಹೊಡೆಸಿಕೊಂಡವನ ಗ್ರಹಕ್ಕೆ. ಇದಕ್ಕೋಸ್ಕರ ಸ್ನೇಹಿತರ ಕೈಲಿ 1,667 ಲೈಟ್ ಫೈಟರ್ ಬೇಕಂತಲೇ ಒಡೆಸಿಕೊಳ್ಳುವವರು ಇದ್ದಾರೆ.

ಈಗ ಮೂನ್ ಮೇಲೆ ಇರೋದು ಒಂದೇ ಫೀಲ್ಡ್ (ಕಟ್ಟಡ ಕಟ್ಟೋ ಜಾಗ). ಮೊದಲು ಲೂನಾರ್ ಬೇಸ್ ಕಟ್ಟು. ಒಂದು ಲೆವೆಲ್‌ಗೆ ಮೂರು ಫೀಲ್ಡ್ ಕೊಡುತ್ತೆ, ಒಂದನ್ನು ತಾನೇ ತಿನ್ನುತ್ತೆ. ಫ್ಲೀಟನ್ನು ಇನ್ಮೇಲೆ ಮೂನ್‌ನಲ್ಲೇ ಇಡು. ರಿಸೈಕ್ಲರ್ (ಡೆಬ್ರಿ ಬಾಚೋ ಹಡಗು) ಜೊತೆ ಸೇರಿಸಿ, ಡೆಬ್ರಿ ಬಿದ್ದಿರೋ ಜಾಗಕ್ಕೆ ಹಾರ್ವೆಸ್ಟ್ ಅಂತ ಕಳಿಸು. ಫ್ಯಾಲಂಕ್ಸ್ ಮೂನನ್ನೂ ನೋಡಲ್ಲ, ಡೆಬ್ರಿಯನ್ನೂ ನೋಡಲ್ಲ. ರಿಸೈಕ್ಲರ್ ನಿಧಾನ, ಅದೇ ನಮಗೆ ಬೇಕಾದ್ದು.

ಇನ್ನೊಂದು ಮಾತು. ಮನೆ ಸೇರುವ ಹೊತ್ತಿಗೆ ಇಳಿಯೋ ಹಾಗೆ ಈ ಊರಲ್ಲಿ ಯಾರಾದ್ರೂ ಫ್ಲೀಟ್ ಕಳಿಸ್ತಾರಾ? ಹತ್ತೂವರೆಗೆ ಇಡು. ಊಟ ಮುಗಿಸಿ ಮತ್ತೆ ಕಳಿಸಿ ಮಲಗು. ಚಳಿಗಾಲದಲ್ಲಿ ಜರ್ಮನಿಯ ಆಟಗಾರರ ರಾತ್ರಿ 9 ಅಂದ್ರೆ ನಮಗೆ 1:30. ನಾವು ಗೊರಕೆ ಹೊಡೆಯುವಾಗಲೇ ಅವರಿಗೆ ಬೇಟೆ ಹೊತ್ತು.

ಕ್ಯಾಪ್ಸುಲೀರ್_ಅಕ್ಕ

ನಾನು ಈವ್ ಆನ್‌ಲೈನ್ ಅನ್ನೋ ಇನ್ನೊಂದು ಬಾಹ್ಯಾಕಾಶ ಆಟದ ಕಡೆಯವಳು, ಆದ್ರೂ ನೋವು ಒಂದೇ ಅಲ್ವಾ. 2014ರ ಜನವರಿಯಲ್ಲಿ ನಮ್ಮಲ್ಲಿ ಒಂದು ಸಿಸ್ಟಮ್‌ನ ಬಾಡಿಗೆ ಸರಿಯಾದ ಸಮಯಕ್ಕೆ ಕಟ್ಟದೇ ಹೋಗಿ, 21 ಗಂಟೆ ಯುದ್ಧ ಆಯಿತು. ಟೈಟನ್ ಅನ್ನೋ ದೈತ್ಯ ಹಡಗುಗಳೇ 75 ಹೋದವು. ಗುಂಪು ಜಾಸ್ತಿಯಾಗಿ ಸರ್ವರ್ ತಡೆಯದೆ, ಆಟದ ಸಮಯವನ್ನೇ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರು. ನಿಮ್ಮ ಹೆಬ್ಬಾಳದ ಬಸ್ಸಿನ ಥರ.

ನಮಗೆ ಒಂದು ಅನುಕೂಲ ಇದೆ. ದಿನಾ ಸಂಜೆ 4:30ಕ್ಕೆ ಸರ್ವರ್ ಬಂದ್. ಎಲ್ಲರಿಗೂ ಒಟ್ಟಿಗೆ ಕಾಫಿ ಟೈಮ್.

ಬೋರ್‌ವೆಲ್

ದೀಪಾವಳಿಗೆ ಊರಿಗೆ ಹೋಗುವಾಗ ವೆಕೇಶನ್ ಮೋಡ್ ಹಾಕಿ, ಮರೀಬೇಡಿ. ಕನಿಷ್ಠ 48 ಗಂಟೆ. ಗಣಿ ನಿಲ್ಲುತ್ತೆ, ಆದ್ರೆ ಯಾರೂ ಮುಟ್ಟಲ್ಲ. ಮತ್ತೆ ಒಂದು ಪವರ್ ಬ್ಯಾಂಕ್ ತಗೊಳ್ಳಿ ಮಾರಾಯ್ರೇ.

ಯಲಹಂಕ_214

ಎಲ್ಲರಿಗೂ ಥ್ಯಾಂಕ್ಸ್. ಪವರ್ ಬ್ಯಾಂಕ್ ತಗೊಂಡೆ. ಲೂನಾರ್ ಬೇಸ್ ಹಾಕಿದ್ದೇನೆ.

@ಹಳೇ_ಸೈಬರ್ ಅಣ್ಣಾ, 7:42:09ರ ವಿಷಯ ಓದಿ ನಿಜಕ್ಕೂ ಹೊಟ್ಟೆ ಉರಿಯಿತು. ಉಳಿದಿರೋದು ಇನ್ನೊಂದು ಗ್ರಹದಲ್ಲಿದ್ದ ಆರು ರಿಸೈಕ್ಲರ್, ಒಂಬತ್ತು ಸ್ಮಾಲ್ ಕಾರ್ಗೋ ಅಷ್ಟೆ. ಇವತ್ತು ಅವನ್ನೇ ಮೂನ್‌ಗೆ ತಂದು, ಅಲ್ಲಿಂದ ಹಾರ್ವೆಸ್ಟ್‌ಗೆ ಕಳಿಸಿದ್ದೇನೆ. ಇಳಿಯೋದು ರಾತ್ರಿ 10:30.

ಅವನು ಮಧ್ಯಾಹ್ನ ಮತ್ತೆ ಎರಡು ಪ್ರೋಬ್ (ಬೇಹುಗಾರಿಕೆ ಹಡಗು) ಕಳಿಸಿದ್ದ. ಮೂನ್ ಖಾಲಿ ಇತ್ತು.