ಅಪ್ಪನ ಹೆಸರಿಗೆ ಸಾಲ ವಸೂಲಿ ಪತ್ರ ಬಂದಿದೆ, ಅಸಲಿಯೋ ನಕಲಿಯೋ ನೋಡೋದು ಹೇಗೆ?

ಕುವೆಂಪುನಗರದ ಹುಡುಗ

ಎಲ್ಲರಿಗೂ ನಮಸ್ಕಾರ. ಅಪ್ಪನ ಹತ್ತಿರ 2013ರ ಸುಮಾರಿಗೆ ಒಂದು ಖಾಸಗಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇತ್ತು. ಫೋನ್ ಮಾಡಿ ನಿಲ್ಲಿಸಿ, ಕತ್ತರಿಸಿ ಎಸೆದೆ ಎನ್ನುತ್ತಾರೆ. ಈಗ ದೆಹಲಿ ಕಡೆಯ ಯಾವುದೋ ರಿಕವರಿ ಕಂಪನಿಯಿಂದ ಕೊರಿಯರ್‌ನಲ್ಲಿ ಪತ್ರ ಬಂದಿದೆ. 86,400 ರೂಪಾಯಿ ಬಾಕಿಯಂತೆ. 7 ದಿನದಲ್ಲಿ ಕಟ್ಟದಿದ್ದರೆ 420 ಕೇಸ್, ಅರೆಸ್ಟ್ ವಾರಂಟ್ ಅಂತೆ. ಪತ್ರದ ತಲೆಯ ಮೇಲೆ ತಕ್ಕಡಿ ಚಿತ್ರ, ಕೆಳಗೆ ನೇರಳೆ ಬಣ್ಣದ ಸೀಲು, ಬೆರಳು ಒದ್ದೆ ಮಾಡಿ ಉಜ್ಜಿದರೂ ಹರಡಲಿಲ್ಲ, ಅದೂ ಪ್ರಿಂಟೇ. ಪಕ್ಕದಲ್ಲಿ ದುಡ್ಡು ಕಟ್ಟೋಕೆ ಕ್ಯೂಆರ್ ಕೋಡ್. ಆದರೆ ನಮ್ಮ ಹಳೇ ಮನೆ ವಿಳಾಸ, ಪ್ಯಾನ್ ನಂಬರ್ ಎರಡೂ ಸರಿಯಾಗಿವೆ, ಅದೇ ಭಯ. ಅಪ್ಪ ಅರ್ಧ ಕೊಟ್ಟು ಕೈ ತೊಳೆದುಕೊಳ್ಳೋಣ ಎನ್ನುತ್ತಿದ್ದಾರೆ. ಮನೆ ಬಾಗಿಲಿಗೆ ಪೊಲೀಸ್ ಬಂದರೆ ಅಕ್ಕಪಕ್ಕದವರ ಮುಂದೆ ಏನು ಮರ್ಯಾದೆ ಅಂತ ಅಮ್ಮನಿಗೆ ಚಿಂತೆ. ಏನು ಮಾಡಲಿ?

ರಿಟೈರ್ಡ್ ಕ್ಯಾಷಿಯರ್, ಸರಸ್ವತಿಪುರಂ

ನೋಡಪ್ಪಾ, ಮೊದಲು ಆ ಕ್ಯೂಆರ್ ಕೋಡ್ ಯಾರೂ ಸ್ಕ್ಯಾನ್ ಮಾಡದ ಹಾಗೆ ನೋಡಿಕೋ. ಪತ್ರದಲ್ಲಿರುವ ನಂಬರಿಗೂ ಫೋನ್ ಮಾಡಬೇಡ. ಆ ನಂಬರಿಗೆ ಮಾಡಿ "ನೀವು ಅಸಲಿಯಾ" ಅಂತ ಕೇಳಿದರೆ ಹೌದು ಅಂತಲೇ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ? ವಿಳಾಸ, ಪ್ಯಾನ್ ಸರಿ ಇದೆ ಅನ್ನೋದು ಯಾವ ಸಾಕ್ಷಿಯೂ ಅಲ್ಲ. ಸಿಮ್ ತಗೊಳ್ಳೋಕೆ, ಲೋನ್ ಅರ್ಜಿಗೆ ಅಂತ ಅದರ ಜೆರಾಕ್ಸ್ ನಾವು ಎಲ್ಲೆಲ್ಲಿ ಕೊಟ್ಟಿದ್ದೇವೋ ಲೆಕ್ಕ ಇಲ್ಲ.

ಬ್ಯಾಂಕಿನ ಬ್ರಾಂಚ್ ಮೈಸೂರಿನಲ್ಲೇ ಇದ್ದರೆ ಅಪ್ಪನನ್ನು ಕರೆದುಕೊಂಡು ನೇರವಾಗಿ ಹೋಗು. ಇಲ್ಲದಿದ್ದರೆ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಕಸ್ಟಮರ್ ಕೇರ್. ವಿಳಾಸದ ಕೊನೆಯಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಇದೆಯಾ ನೋಡು, ಬ್ಯಾಂಕುಗಳೆಲ್ಲ ಅದಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕೇಳಬೇಕಾದ್ದು ಇಷ್ಟೇ: ಈ ಹೆಸರಲ್ಲಿ ಬಾಕಿ ಇದೆಯಾ, ಇದ್ದರೆ ವಸೂಲಿಗೆ ಯಾರಿಗೆ ಕೊಟ್ಟಿದ್ದೀರಿ, ಅಥವಾ ಸಾಲವನ್ನೇ ಬೇರೆ ಕಂಪನಿಗೆ ಮಾರಿಬಿಟ್ಟಿದ್ದೀರಾ. ಬಾಯಿ ಮಾತು ಬೇಡ, ಇಮೇಲ್‌ನಲ್ಲಿ ಉತ್ತರ ತಗೋ. ವಸೂಲಿಗೆ ಏಜೆನ್ಸಿ ಹಾಕಿದರೆ ಅದು ಯಾವುದು ಅಂತ ಸಾಲಗಾರನಿಗೆ ಬ್ಯಾಂಕೇ ತಿಳಿಸಬೇಕು. ಏಜೆಂಟ್ ಬಂದರೆ ಐಡಿ ಕಾರ್ಡ್ ಜೊತೆ ಬ್ಯಾಂಕಿನ ಅಧಿಕಾರ ಪತ್ರವೂ ಅವನ ಕೈಯಲ್ಲಿ ಇರಬೇಕು.

ಇದರ ಜೊತೆಗೆ ಸಿಬಿಲ್ ರಿಪೋರ್ಟ್, ಅಂದರೆ ಅಪ್ಪನ ಹೆಸರಲ್ಲಿರುವ ಸಾಲ, ಕಾರ್ಡುಗಳ ದಾಖಲೆ ತೆಗೆಸು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ನಾಲ್ಕೂ ಕಡೆ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು.

ಚಾಮುಂಡಿ ಎಕ್ಸ್‌ಪ್ರೆಸ್

ಗುರು, ಸುಮ್ನೆ ಹರಿದು ಬಿಸಾಕು. ನಮ್ಮ ಮನೆಗೂ ಇಂಥವು ಬರ್ತಾನೇ ಇರುತ್ತವೆ, ಏನೂ ಆಗಿಲ್ಲ.

ಮಂಡ್ಯ ಕೋರ್ಟ್ ಹತ್ತಿರ

ಬಿಸಾಕಬೇಡಿ ದಯವಿಟ್ಟು. ನಾನು ಮಂಡ್ಯದಲ್ಲಿ ಒಬ್ಬರು ಲಾಯರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಬಿಸಾಕಿದವರು ಆಮೇಲೆ ಗಾಬರಿಯಾಗಿ ಬರೋದು ಇಲ್ಲಿಗೇ. ಹತ್ತರಲ್ಲಿ ಒಂದು ನಿಜವಾದ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಪು ಕೊಡೋದು) ನೋಟಿಸೋ, ಲೋಕ್ ಅದಾಲತ್ ನೋಟಿಸೋ ಆಗಿರುತ್ತದೆ. ಆರ್ಬಿಟ್ರೇಷನ್‌ಗೆ ಉತ್ತರ ಕೊಡದೆ ಸುಮ್ಮನಿದ್ದರೆ ನೀವಿಲ್ಲದೆಯೇ ಆದೇಶ ಆಗಿಬಿಡಬಹುದು. ಕವರ್ ಸಮೇತ ಇಟ್ಟುಕೊಳ್ಳಿ.

ಪತ್ರ ಓದೋದು ಹೇಗೆ ಅಂದರೆ, ಕೋರ್ಟಿನದು ಅಂತ ಬರೆದಿದ್ದರೆ ಕೇಸ್ ನಂಬರ್ ಅಥವಾ ಪ್ರತಿ ಕೇಸಿಗೂ ಬೇರೆಬೇರೆಯಾಗಿ ಕೊಡುವ 16 ಅಕ್ಷರಗಳ ಸಿಎನ್‌ಆರ್ ನಂಬರ್ ಹುಡುಕಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾವ ಕೋರ್ಟು, ಮುಂದಿನ ತಾರೀಕು ಯಾವತ್ತು ಎಲ್ಲ ಬರುತ್ತದೆ. ಅಪ್ಪನ ಹೆಸರು ಹಾಕಿಯೂ ಹುಡುಕಬಹುದು. ಲೋಕ್ ಅದಾಲತ್ ಅಂತಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ತೋರಿಸಿ, ಇಲ್ಲ 15100ಕ್ಕೆ ಫೋನ್ ಮಾಡಿ, ದುಡ್ಡು ಕೇಳಲ್ಲ. ಲಾಯರ್ ನೋಟಿಸ್ ಅಂತಿದ್ದರೆ ವಕೀಲರ ಹೆಸರು, ಬಾರ್ ಕೌನ್ಸಿಲ್ ನೋಂದಣಿ ನಂಬರ್ ಇದೆಯಾ ನೋಡಿ. ಇನ್ನು 420. ಐಪಿಸಿ ಹೋಗಿ 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಲ್ಲಿ ವಂಚನೆಗೆ 318ನೇ ಸೆಕ್ಷನ್. ಹಾಗಂತ 420 ಬರೆದ ಮಾತ್ರಕ್ಕೆ ನಕಲಿ ಎನ್ನೋಕಾಗಲ್ಲ, ಹಳೇ ಫಾರ್ಮ್ಯಾಟನ್ನೇ ಕಾಪಿ ಹೊಡೆಯುವ ವಕೀಲರೂ ಇದ್ದಾರೆ, ಯಾರೆಂದು ಹೇಳಲ್ಲ ಬಿಡಿ. ಆದರೆ ಬರೀ ಕಾರ್ಡ್ ಬಾಕಿ ಸಿವಿಲ್ ವ್ಯವಹಾರ. ಚೆಕ್ ಬೌನ್ಸ್ ಆದರೆ ಕಥೆ ಬೇರೆ. ಯಾವ ರಿಕವರಿ ಕಂಪನಿಯೂ ಅರೆಸ್ಟ್ ವಾರಂಟ್ ತರೋಕಾಗಲ್ಲ.

ಮುಖ್ಯವಾದ್ದು, ಅಪ್ಪ ಅರ್ಧ ಕಟ್ಟೋಕೆ ಹೊರಟಿದ್ದಾರೆ ಅಂದಿರಲ್ಲ, ತಡೆಯಿರಿ. ಇಂಥ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷ ಕಾಲಮಿತಿ. ಅದರೊಳಗೆ ಒಂದಿಷ್ಟು ಕಟ್ಟಿದರೂ, ಬಾಕಿ ಇದೆ ಎಂದು ಬರೆದುಕೊಟ್ಟರೂ ಗಡುವು ಮತ್ತೆ ಮೊದಲಿಂದ ಶುರು. ಗಡುವು ಮುಗಿದ ಮೇಲೂ "ಕೊಡುತ್ತೇನೆ" ಎಂದು ಸಹಿ ಹಾಕಿದ ಕಾಗದ ಸಿಕ್ಕರೆ ಅದೇ ಹೊಸ ಒಪ್ಪಂದ ಆಗುತ್ತದೆ, ಕಾಂಟ್ರಾಕ್ಟ್ ಕಾಯ್ದೆಯ 25(3). ಸತ್ತುಹೋದ ಸಾಲಕ್ಕೆ ಜೀವ ತುಂಬೋಕೇ ಎಷ್ಟೋ ಪತ್ರ ಬರೋದು. ವಾಟ್ಸಾಪ್‌ನಲ್ಲೂ "ಸ್ವಲ್ಪ ಟೈಮ್ ಕೊಡಿ ಸಾರ್" ಅಂತ ಬರೆಯಬೇಡಿ.

ಕುವೆಂಪುನಗರದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಇ-ಕೋರ್ಟ್ಸ್‌ನಲ್ಲಿ ಅಪ್ಪನ ಹೆಸರಲ್ಲಿ ಏನೂ ಇಲ್ಲ. ಸಿಬಿಲ್‌ನಲ್ಲಿ ಮಾತ್ರ ಆ ಕಾರ್ಡ್ ಕ್ಲೋಸ್ ಆಗೇ ಇಲ್ಲ! ವಾರ್ಷಿಕ ಶುಲ್ಕ, ಅದಕ್ಕೆ ಬಡ್ಡಿ ಸೇರಿ ಏನೋ ಬೆಳೆದು "ರಿಟನ್ ಆಫ್" (ಬಾರದ ಸಾಲ ಅಂತ ಬ್ಯಾಂಕ್ ಲೆಕ್ಕದಿಂದ ತೆಗೆದದ್ದು) ಅಂತ ತೋರಿಸುತ್ತಿದೆ, ಅದೂ 11 ಸಾವಿರ ಚಿಲ್ಲರೆ. ಬ್ಯಾಂಕಿಗೆ ಇಮೇಲ್ ಮಾಡಿದ್ದಕ್ಕೆ ಈ ಖಾತೆಯನ್ನು ಒಂದು ಎಆರ್‌ಸಿಗೆ (ಬ್ಯಾಂಕುಗಳ ವಸೂಲಾಗದ ಸಾಲ ಕೊಂಡುಕೊಳ್ಳುವ ಕಂಪನಿಯಂತೆ) ಮಾರಿದ್ದೇವೆ ಎಂದು ಉತ್ತರ ಬಂತು. ಆದರೆ ಆ ಎಆರ್‌ಸಿ ಹೆಸರೇ ಬೇರೆ, ಪತ್ರ ಕಳಿಸಿದ ಕಂಪನಿ ಹೆಸರೇ ಬೇರೆ. ಅಂದರೆ ಬಾಕಿ ನಿಜ, ಪತ್ರ ಸುಳ್ಳು ಅಂತಾನಾ? ತಲೆ ಕೆಟ್ಟುಹೋಗಿದೆ.

ರಿಟೈರ್ಡ್ ಕ್ಯಾಷಿಯರ್, ಸರಸ್ವತಿಪುರಂ

ಹಾಗಿರೋಕೂ ಸಾಧ್ಯ. ಎಆರ್‌ಸಿಯವರು ವಸೂಲಿಗೆ ಈ ಕಂಪನಿಯನ್ನು ಇಟ್ಟುಕೊಂಡಿರಲೂಬಹುದು, ಅದನ್ನು ಎಆರ್‌ಸಿಯೇ ಹೇಳಬೇಕು. ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿ ನೋಂದಣಿಯಾದ ಎಆರ್‌ಸಿಗಳ ಪಟ್ಟಿ ಇದೆ, ಬ್ಯಾಂಕ್ ಹೇಳಿದ ಹೆಸರು ಅದರಲ್ಲಿದೆಯಾ ನೋಡಿ ಅವರಿಗೇ ಬರೆ. "ಈ ಬಾಕಿಯನ್ನು ನಾವು ಒಪ್ಪಿಲ್ಲ, ಮಾಹಿತಿ ಮಾತ್ರ ಕೇಳುತ್ತಿದ್ದೇವೆ" ಅನ್ನೋ ಸಾಲು ಮೊದಲು ಬರಲಿ. ಆಮೇಲೆ ಸಾಲ ವರ್ಗಾವಣೆಯ ದಾಖಲೆ, ಪೂರ್ತಿ ಸ್ಟೇಟ್‌ಮೆಂಟ್, 11 ಸಾವಿರ 86 ಸಾವಿರ ಆದ ಲೆಕ್ಕ, ಈ ಕಂಪನಿ ನಿಮ್ಮದೇ ಏಜೆಂಟಾ ಅಂತ ಕೇಳು. ಲೆಕ್ಕ ಕೇಳಿದ ತಕ್ಷಣ ಎಷ್ಟೋ ಜನ ಮಾಯ ಆಗುತ್ತಾರೆ.

ಕಾರ್ಡ್ ಕ್ಲೋಸ್ ಮಾಡಲು ಹೇಳಿದ್ದಕ್ಕೆ ಹಳೇ ಇಮೇಲ್, ಎಸ್‌ಎಂಎಸ್ ಏನಾದರೂ ಸಿಕ್ಕರೆ ಬ್ಯಾಂಕಿಗೆ ದೂರು ಕೊಡು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448. ಈಗಿನ ನಿಯಮದಲ್ಲಿ ಕ್ಲೋಸ್ ಮಾಡಲು ಕೇಳಿದ 7 ಕೆಲಸದ ದಿನದೊಳಗೆ ಮಾಡದಿದ್ದರೆ ಬ್ಯಾಂಕ್ ದಿನಕ್ಕೆ 500 ರೂಪಾಯಿ ದಂಡ ಕೊಡಬೇಕು, ಆದರೆ ಅದು 2022ರಲ್ಲಿ ಬಂದದ್ದು, ಅಪ್ಪನ ಕಾಲಕ್ಕೆ ಸಿಗಲ್ಲ.

ಕೊನೆಗೆ ಕಟ್ಟೋದೇ ಅಂತಾದರೆ ಎಆರ್‌ಸಿಯ ಕಂಪನಿ ಖಾತೆಗೆ ಮಾತ್ರ, ವ್ಯಕ್ತಿಯ ಹೆಸರಿನ ಯುಪಿಐಗೆ ಒಂದು ರೂಪಾಯಿಯೂ ಬೇಡ. ಕಟ್ಟುವ ಮುಂಚೆಯೇ ನೋ ಡ್ಯೂ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಬರೆಸಿಕೋ. ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಹಾಕುತ್ತಾರೋ "ಕ್ಲೋಸ್ಡ್" ಅಂತಲೋ ಅದನ್ನೂ ಕೇಳು, "ಸೆಟಲ್ಡ್" ಅಂದರೆ ಕಡಿಮೆ ಕೊಟ್ಟು ಮುಗಿಸಿದ್ದು, "ಕ್ಲೋಸ್ಡ್" ಅಂದರೆ ಪೂರ್ತಿ ತೀರಿದ್ದು, ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಮಂಡ್ಯ ಕೋರ್ಟ್ ಹತ್ತಿರ

ಫೋನ್ ಬಂದರೆ ಅಮ್ಮನಿಗೂ ಹೇಳಿಕೊಡಿ: "ಏನಿದ್ದರೂ ಬರವಣಿಗೆಯಲ್ಲಿ ಕಳಿಸಿ" ಅಂದು ಇಟ್ಟುಬಿಡಲಿ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ, ಮಾಡಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಪ್ಪ ನಿಮಗೆ ಹೇಳದೆ ಆಗಲೇ ಏನಾದರೂ ಕಳಿಸಿದ್ದಾರಾ, ಒಂದು ಸಲ ನಿಧಾನವಾಗಿ ಕೇಳಿ ನೋಡಿ. ಕಳಿಸಿದ್ದರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.