ವಿರಾಟ್‌ನ ಹಿಂದೆ ಸಾಗಿದ ಹಡಗುಗಳು: ನಮ್ಮ ಕಾಲೇಜು ಗುಂಪಿನ ಒಂದು ಚರ್ಚೆ

ರಘು: ಈಗಷ್ಟೇ ಹಂಚಿಕೊಂಡ ಬರಹವನ್ನು ಎಲ್ಲರೂ ಓದಿ. ನಮ್ಮ ವಿಮಾನವಾಹಕ ನೌಕೆ ವಿರಾಟ್, ಹರ್ಮಿಸ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ನೌಕಾಪಡೆಯಲ್ಲಿದ್ದಾಗ, 1982ರ ಫಾಕ್‌ಲ್ಯಾಂಡ್ ಯುದ್ಧವನ್ನು ಏಕಾಂಗಿಯಾಗಿ ಗೆದ್ದುಕೊಟ್ಟಿತ್ತು.

ಶೈಲಜಾ: ರಘು, 1987ರಿಂದ 2017ರವರೆಗೆ ನಮ್ಮ ನೌಕಾಪಡೆಯಲ್ಲಿ ದುಡಿದ ಆ ಹಡಗಿನ ಬಗ್ಗೆ ನನಗೂ ನಿನ್ನಷ್ಟೇ ಅಭಿಮಾನವಿದೆ. ಆದರೆ ‘ಏಕಾಂಗಿಯಾಗಿ’ ಎಂಬ ಮಾತನ್ನು ಒಪ್ಪಲಾರೆ. ಏಪ್ರಿಲ್ 2ರಂದು ಅರ್ಜೆಂಟೀನಾ, ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳನ್ನು ವಶಪಡಿಸಿಕೊಂಡಿತು. ಮೂರೇ ದಿನಗಳಲ್ಲಿ ಹರ್ಮಿಸ್ ಪೋರ್ಟ್ಸ್‌ಮತ್ ಬಂದರು ಬಿಟ್ಟಿತು. ಅದು ಕ್ರಮಿಸಬೇಕಾದ ದೂರ ಸುಮಾರು 13,000 ಕಿಲೋಮೀಟರ್. ಅದು ಅಣುಶಕ್ತಿಯ ಹಡಗಲ್ಲ, ಎಣ್ಣೆ ಉರಿಸಿ ಉಗಿಯಿಂದ ಓಡುವ ಹಡಗು. ದಾರಿಯಲ್ಲಿ ಸಿಗುವ ಅಸೆನ್ಶನ್ ದ್ವೀಪದಲ್ಲಿ ವಿಮಾನ ನಿಲ್ದಾಣವಿತ್ತೇ ಹೊರತು ದೊಡ್ಡ ಹಡಗುಗಳಿಗೆ ಬಂದರು ಇರಲಿಲ್ಲ. ಹಾಗಾಗಿ ತೈಲ ಹಡಗೊಂದು ಪಕ್ಕದಲ್ಲೇ, ಕೆಲವೇ ಹತ್ತು ಮೀಟರ್ ಅಂತರದಲ್ಲಿ, ಅದೇ ವೇಗದಲ್ಲಿ ಸಾಗುತ್ತ ಕೊಳವೆಯ ಮೂಲಕ ಎಣ್ಣೆ ತುಂಬಿಸಬೇಕಿತ್ತು. ಅಲೆಗಳ ನಡುವೆ ಗಂಟೆಗಟ್ಟಲೆ ಈ ಕೆಲಸ ಮಾಡಿದ, ಬ್ರಿಟಿಷ್ ನೌಕಾಪಡೆಗೆ ಎಣ್ಣೆ, ಸಾಮಾನು ಒದಗಿಸುವ ರಾಯಲ್ ಫ್ಲೀಟ್ ಆಕ್ಸಿಲಿಯರಿಯ ಹಡಗುಗಳ ನಾವಿಕರು ನಾಗರಿಕರು. ನೀನು ಹಂಚಿದ ಬರಹದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ.

ವೆಂಕಟೇಶ: ಸಾಮಾನು ಸಾಗಿಸುವುದು ಮುಖ್ಯವೇ ಇರಬಹುದು ಶೈಲಜಾ, ಆದರೆ ಯುದ್ಧದ ಫಲಿತಾಂಶವನ್ನು ನಿರ್ಧರಿಸಿದ್ದು ಹರ್ಮಿಸ್‌ನಂಥ ಹಡಗುಗಳಿಂದ ಹಾರಿದ ಹ್ಯಾರಿಯರ್ ಯುದ್ಧವಿಮಾನಗಳಲ್ಲವೇ? ವಾಯುಕಾಳಗದಲ್ಲಿ ಅವುಗಳ ನೌಕಾಪಡೆಯ ಮಾದರಿಯಾದ ಸೀ ಹ್ಯಾರಿಯರ್ ಒಂದೇ ಒಂದು ಕೂಡ ನಷ್ಟವಾಗಲಿಲ್ಲ.

ಶೈಲಜಾ: ನಿಜ. ಆದರೆ ಆ ವಿಮಾನಗಳಲ್ಲಿ 14ನ್ನು ಅಲ್ಲಿಗೆ ಹೊತ್ತು ತಂದದ್ದು ಅಟ್ಲಾಂಟಿಕ್ ಕನ್ವೇಯರ್ ಎಂಬ, ಕ್ಯೂನಾರ್ಡ್ ಕಂಪನಿಯ ಕಂಟೇನರ್ ಹಡಗು. ಹ್ಯಾರಿಯರ್‌ಗಳು ಅದರ ಮೇಲಿಂದ ಹಾರಿಹೋದ ಕೆಲವು ದಿನಗಳ ನಂತರ, ಮೇ 25ರಂದು, ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿ ಅದಕ್ಕೆ ಬಡಿಯಿತು. ಕ್ಷಿಪಣಿಯನ್ನು ದಾರಿ ತಪ್ಪಿಸುವ ಯಾವ ಸಾಧನವೂ ಆ ವ್ಯಾಪಾರಿ ಹಡಗಿನಲ್ಲಿರಲಿಲ್ಲ. ಕ್ಯಾಪ್ಟನ್ ಇಯಾನ್ ನಾರ್ತ್ ಸೇರಿ 12 ಮಂದಿ ಸತ್ತರು. ಮೂರು ಚಿನೂಕ್ ಮತ್ತು ಆರು ವೆಸೆಕ್ಸ್ ಹೆಲಿಕಾಪ್ಟರ್‌ಗಳ ಜೊತೆ ಸಾವಿರಾರು ಸೈನಿಕರಿಗಾಗಿ ತಂದಿದ್ದ ಡೇರೆಗಳೂ ನಾಶವಾದವು. ಆಗ ಆಕಾಶದಲ್ಲಿದ್ದ ಒಂದು ಚಿನೂಕ್ ಮಾತ್ರ ಉಳಿಯಿತು. ಮುಂದೆ ಒಂದೇ ಹಾರಾಟದಲ್ಲಿ 81 ಸೈನಿಕರನ್ನು ಹೊತ್ತದ್ದು ಅದೇ.

ಸೈನ್ಯವನ್ನು, ಅದು ದಡಕ್ಕಿಳಿದಿದ್ದ ಸ್ಯಾನ್ ಕಾರ್ಲೋಸ್‌ನಿಂದ ದ್ವೀಪಗಳ ರಾಜಧಾನಿ ಸ್ಟಾನ್ಲಿಯತ್ತ ಹೆಲಿಕಾಪ್ಟರ್‌ಗಳಲ್ಲಿ ಒಯ್ಯುವ ಲೆಕ್ಕಾಚಾರ ಒಂದೇ ಮಧ್ಯಾಹ್ನದಲ್ಲಿ ತಲೆಕೆಳಗಾಯಿತು. ದಕ್ಷಿಣಾರ್ಧಗೋಳದ ಚಳಿಗಾಲ ಆರಂಭವಾಗುತ್ತಿದ್ದಾಗ ಮರೀನ್‌ಗಳೂ ಪ್ಯಾರಾ ಸೈನಿಕರೂ ಬೆನ್ನ ಮೇಲೆ ಭಾರ ಹೊತ್ತು, ಜವುಗು ನೆಲದಲ್ಲಿ ಸುಮಾರು 80 ಕಿಲೋಮೀಟರ್ ನಡೆದರು. ಒಂದು ಸಾಮಾನಿನ ಹಡಗು ಮುಳುಗಿದ್ದರಿಂದ ಇಡೀ ಭೂಸೇನೆಯ ಕಾರ್ಯಾಚರಣೆಯ ಸ್ವರೂಪವೇ ಬದಲಾಯಿತು. ಒಂದು ವಿಧ್ವಂಸಕ ನೌಕೆಯ ನಷ್ಟದಿಂದ ಇಷ್ಟು ದೊಡ್ಡ ಬದಲಾವಣೆ ಆಗಿದ್ದನ್ನು ನಾನು ಆ ಯುದ್ಧದಲ್ಲಿ ಕಾಣೆ.

ವೆಂಕಟೇಶ: ಅಂದರೆ ವಿಧ್ವಂಸಕ ನೌಕೆಗಳ ಬಲಿದಾನಕ್ಕೆ ಬೆಲೆಯೇ ಇಲ್ಲವೆಂದೇ? ಕಾವೆಂಟ್ರಿ ಎಂಬ ವಿಧ್ವಂಸಕ ನೌಕೆ ಮುಳುಗಿದ್ದೂ ಅದೇ ಮೇ 25ರಂದು.

ಶೈಲಜಾ: ಖಂಡಿತ ಹಾಗಲ್ಲ, ನನ್ನ ಮಾತು ಒರಟಾಗಿ ಕೇಳಿಸಿದ್ದರೆ ಕ್ಷಮಿಸು. ಆದರೆ ಆ ನೌಕೆಗಳು ಕಾಯುತ್ತಿದ್ದುದು ಏನನ್ನು ಎಂದು ಯೋಚಿಸು. ಮೇ 21ರಂದು ಸೈನ್ಯ ದಡಕ್ಕಿಳಿಯುವಾಗ ಕ್ಯಾನ್‌ಬೆರಾ ಎಂಬ ಬೃಹತ್ ಪ್ರಯಾಣಿಕ ಹಡಗು, ಬಿಳಿಯ ಬಣ್ಣದಲ್ಲೇ, ಸ್ಯಾನ್ ಕಾರ್ಲೋಸ್ ಕೊಲ್ಲಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತ್ತು. ಅರ್ಜೆಂಟೀನಾದ ವೈಮಾನಿಕರ ಧೈರ್ಯ ಅಸಾಧಾರಣವಾದುದು. ಆದರೆ ಅವರ ಬಾಂಬುಗಳು ಹೆಚ್ಚಾಗಿ ಬಿದ್ದದ್ದು ಕಾವಲಿನ ಯುದ್ಧನೌಕೆಗಳ ಮೇಲೆ. ಅವುಗಳಲ್ಲೊಂದಾದ ಆರ್ಡೆಂಟ್ ಮುಳುಗಿತು, ಕ್ಯಾನ್‌ಬೆರಾಕ್ಕೆ ಏನೂ ಆಗಲಿಲ್ಲ. ಆ ದಿನ ಅವರು ಸೈನಿಕರನ್ನೂ ಸಾಮಗ್ರಿಯನ್ನೂ ಹೊತ್ತ ಹಡಗುಗಳನ್ನೇ ಹುಡುಕಿ ಹೊಡೆದಿದ್ದರೆ ದಡದಲ್ಲಿ ನೆಲೆಯೂರುವುದು ಸಾಧ್ಯವಾಗುತ್ತಿತ್ತೇ ಎಂಬ ಅನುಮಾನ ನನಗಿದೆ. ಜೂನ್ 8ರಂದು ಫಿಟ್ಸ್‌ರಾಯ್‌ನಲ್ಲಿ ಸೈನಿಕರನ್ನು ಹೊತ್ತಿದ್ದ ಸರ್ ಗಲಾಹಡ್ ಹಡಗಿನ ಮೇಲೆ ಬಾಂಬು ಬಿದ್ದಾಗ ಒಂದೇ ಹಡಗಿನಲ್ಲಿ ವೆಲ್ಷ್ ಗಾರ್ಡ್ಸ್ ಎಂಬ ಬ್ರಿಟಿಷ್ ದಳದ 32 ಸೈನಿಕರು ಸತ್ತದ್ದನ್ನು ನೆನೆದರೆ ಆ ಅನುಮಾನ ಇನ್ನೂ ಬಲವಾಗುತ್ತದೆ.

ರಘು: ಶೈಲಜಾ, ಒಪ್ಪಿದೆ. ಬರಹದ ಕೆಳಗೆ ಅಟ್ಲಾಂಟಿಕ್ ಕನ್ವೇಯರ್‌ನ ಸಂಗತಿಯನ್ನು ಸೇರಿಸಿ ಮತ್ತೆ ಹಂಚುತ್ತೇನೆ. ‘ಏಕಾಂಗಿಯಾಗಿ’ ಎಂಬ ಪದವನ್ನು ತೆಗೆಯುತ್ತೇನೆ.

ಶೈಲಜಾ: ಸಂತೋಷ. ಸಾಧ್ಯವಾದರೆ ಟೈಡ್‌ಪೂಲ್ ಹೆಸರನ್ನೂ ಸೇರಿಸು. ಬ್ರಿಟನ್ ಅದಾಗಲೇ ಚಿಲಿಗೆ ಮಾರಿದ್ದ ತೈಲ ಹಡಗು ಅದು. ಯುದ್ಧ ಆರಂಭವಾದಾಗ ಚಿಲಿಯ ಒಪ್ಪಿಗೆ ಪಡೆದು ಅದನ್ನು ಮತ್ತೆ ಕೆಲಸಕ್ಕೆ ಕರೆಸಿಕೊಳ್ಳಬೇಕಾಯಿತು.