ಆಪರೇಷನ್ ಥಿಯೇಟರಿಗೆ ಹತ್ತಿಯ ಗೌನು ಬಿಟ್ಟು, ಒಮ್ಮೆ ಬಳಸಿ ಬಿಸಾಡುವ ನಾನ್‌ವೋವನ್ (ನೇಯದ ಬಟ್ಟೆಯ) ಗೌನು ತರಬೇಕೇ?

ಥಿಯೇಟರ್ ಉಸ್ತುವಾರಿ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಇಪ್ಪತ್ತೈದು ಹಾಸಿಗೆಗಳ ಒಂದು ನರ್ಸಿಂಗ್ ಹೋಮಿನಲ್ಲಿ ಥಿಯೇಟರಿನ ಉಸ್ತುವಾರಿಯೂ ಸಾಮಾನು ಖರೀದಿಯೂ ನನ್ನ ಪಾಲಿಗಿದೆ. ವಾರಕ್ಕೆ ಎಂಟು-ಹತ್ತು ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್, ಉಳಿದವು ಹರ್ನಿಯಾ, ಅಪೆಂಡಿಕ್ಸ್ ಮುಂತಾದವು. ಇಷ್ಟು ವರ್ಷ ಹಸಿರು ಹತ್ತಿಬಟ್ಟೆಯ ಗೌನು, ಹೋಲ್ ಶೀಟು (ರೋಗಿಯ ಮೇಲೆ ಹೊದಿಸುವ, ನಡುವೆ ತೂತಿರುವ ಬಟ್ಟೆ), ಟ್ರಾಲಿ ಕವರುಗಳನ್ನೇ ಒಗೆದು, ಡ್ರಮ್ಮಿಗೆ ತುಂಬಿ, ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಉಗಿಯಲ್ಲಿ ಕ್ರಿಮಿಶುದ್ಧಗೊಳಿಸಿ) ಬಳಸುತ್ತ ಬಂದಿದ್ದೇವೆ. ನಳದ ನೀರು ಬರುವ ದಿನ ನೋಡಿಕೊಂಡು ಒಗೆಸಬೇಕು. ಜುಲೈ-ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಒಣಗಿಸುವ ಪಾಡಂತೂ ಹೇಳತೀರದು. ಆದ್ದರಿಂದ ಒಮ್ಮೆ ಬಳಸಿ ಬಿಸಾಡುವ ಗೌನುಗಳನ್ನು ನೋಡೋಣವೆಂದು ಎರಡು ಕಡೆಯಿಂದ ಮಾದರಿ ತರಿಸಿದೆವು.

ಮೊದಲನೆಯದು ನೀಲಿ ಬಣ್ಣದ್ದು, ಪೊಟ್ಟಣದ ಮೇಲೆ ‘40 ಜಿಎಸ್‌ಎಂ’ ಎಂದು ಬಟ್ಟೆಯ ತೂಕದ ಅಳತೆಯನ್ನು ದಪ್ಪಕ್ಷರದಲ್ಲಿ ಬರೆದಿತ್ತು. ಸಿಸೇರಿಯನ್ ಒಂದರಲ್ಲಿ ಗರ್ಭದ ನೀರು ಮುಂದಕ್ಕೆ ಚೆಲ್ಲಿದಾಗ ಅದು ಗೌನನ್ನು ದಾಟಿ ನಮ್ಮ ಡಾಕ್ಟರ್ ಮೇಡಂ ಅವರ ಒಳ ಅಂಗಿಯವರೆಗೆ ಇಳಿಯಿತು. ಎರಡನೆಯ ಮಾದರಿಯ ಎದೆಗೂ ತೋಳಿಗೂ ತೆಳುವಾದ ಪ್ಲಾಸ್ಟಿಕ್ ಪದರ ಅಂಟಿಸಿದ್ದರು, ಅದು ಸೋರಲಿಲ್ಲ. ಆದರೆ ಹೊಸದಾಗಿ ಸೇರಿದ ಹುಡುಗನೊಬ್ಬ, ಇಷ್ಟು ಚೆನ್ನಾಗಿರುವುದನ್ನು ಬಿಸಾಡುವುದೇಕೆ ಎಂದುಕೊಂಡು, ಅದನ್ನೂ ಹತ್ತಿಬಟ್ಟೆಗಳ ಜೊತೆ ಡ್ರಮ್ಮಿಗೆ ಹಾಕಿಬಿಟ್ಟ. ಹೊರತೆಗೆದಾಗ ತೋಳು, ಮಡಿಕೆ, ಪಕ್ಕದಲ್ಲಿದ್ದ ಎರಡು ಟವೆಲ್ಲು ಎಲ್ಲವೂ ಒಂದಕ್ಕೊಂದು ಅಂಟಿ ಖಡಕ್ ರೊಟ್ಟಿಯಂತೆ ಸೆಟೆದುಕೊಂಡಿದ್ದವು.

ಹತ್ತಿಯನ್ನು ಪೂರ್ತಿಯಾಗಿ ಬಿಡಬೇಕೇ? ಸೋರುವ ಗೌನನ್ನು ಕೊಳ್ಳುವ ಮೊದಲೇ ಗುರುತಿಸುವುದು ಹೇಗೆ? ಜಿಎಸ್‌ಎಂ ಹೆಚ್ಚಿದ್ದರೆ ಸಾಕೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ನಿವೃತ್ತ ಥಿಯೇಟರ್ ಸಿಸ್ಟರ್, ಧಾರವಾಡ:

ಮೂವತ್ತು ವರ್ಷ ಹತ್ತಿಬಟ್ಟೆ ಮಡಚಿದ ಕೈ ನನ್ನದು. ಮಾತಿನಲ್ಲಿ ಅದರ ಕಡೆ ಸ್ವಲ್ಪ ಒಲವು ಕಂಡರೆ ಮನ್ನಿಸಿ. ಹತ್ತಿಯ ನಿಜವಾದ ದೋಷವೆಂದರೆ ಒಮ್ಮೆ ನೆನೆದ ಮೇಲೆ ಅದು ಏನನ್ನೂ ತಡೆಯುವುದಿಲ್ಲ. ರಕ್ತವೋ ಸಲೈನೋ ನೂಲಿನ ಸಂದುಗಳಲ್ಲಿ ಇಳಿಯಿತೆಂದರೆ, ಅದೇ ಒದ್ದೆಯ ದಾರಿ ಹಿಡಿದು ಬ್ಯಾಕ್ಟೀರಿಯಾ ಬಟ್ಟೆಯ ಆಚೆಯಿಂದ ಈಚೆಗೆ ಬರುತ್ತದೆ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಬೆಕ್ ಅವರು 1952ರಷ್ಟು ಹಿಂದೆಯೇ ಇದನ್ನು ಎತ್ತಿ ತೋರಿಸಿದ್ದರು. ನಮ್ಮ ಕಾಲದಲ್ಲಿ ಮೇಜಿನ ಮೇಲೆ ಮೆಕಿಂತಾಶ್ ಎಂಬ ರಬ್ಬರ್ ಹಾಳೆ ಹಾಸುತ್ತಿದ್ದುದೂ, ಗೌನಿನ ಒಳಗೆ ರಬ್ಬರ್ ಏಪ್ರನ್ ಕಟ್ಟಿಕೊಳ್ಳುತ್ತಿದ್ದುದೂ ಇದೇ ಭಯಕ್ಕೆ. ತೋಳಿಗೆ ಮಾತ್ರ ಯಾವ ಏಪ್ರನ್ನೂ ಇರಲಿಲ್ಲ. ಮೊಣಕೈವರೆಗೆ ಕೆಂಪಾಗಿ ಹೊರಬರುತ್ತಿದ್ದ ಡಾಕ್ಟರ್ ಸಾಹೇಬರು ಇನ್ನೂ ಕಣ್ಣಮುಂದಿದ್ದಾರೆ.

ಹಾಗೆಂದು ಹತ್ತಿಯನ್ನು ಓಡಿಸಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ತಡೆಯುವ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸ್ಟೆರೈಲ್ (ಕ್ರಿಮಿರಹಿತ) ಆಗಿರುವ ಬಿಸಾಡುವ ನಾನ್‌ವೋವನ್ ಬಟ್ಟೆ, ಸ್ಟೆರೈಲ್ ಆಗಿರುವ ಮರುಬಳಕೆಯ ನೇಯ್ಗೆ ಬಟ್ಟೆ, ಇವೆರಡರಲ್ಲಿ ಯಾವುದನ್ನಾದರೂ ಬಳಸಬಹುದೆಂದೇ ಹೇಳುತ್ತದೆ. ಆದರೆ ಹತ್ತಿಯನ್ನು ಇಟ್ಟುಕೊಳ್ಳುವವರು ಅದರ ಚಾಕರಿಯನ್ನೂ ಸರಿಯಾಗಿ ಮಾಡಬೇಕು. ಒಗೆಯುವ ಬಿಸಿನೀರು 71 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಇರಬೇಕೆಂಬುದು ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಅಳತೆ. ಪ್ರತಿ ಬಟ್ಟೆಯನ್ನೂ ಮಡಚುವ ಮೊದಲು ದೀಪಕ್ಕೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ಬೆಳಕು ಬಂದರೂ ಅದು ಥಿಯೇಟರಿಗೆ ಸಲ್ಲದು. ಸೂಜಿ ದಾರದಿಂದ ತೇಪೆ ಹಾಕುವುದು ಬೇಡ, ಪ್ರತಿ ಹೊಲಿಗೆಯೂ ಒಂದು ಹೊಸ ತೂತು. ಬಳಸದೆ ಉಳಿದ ಬಟ್ಟೆಯನ್ನು ಒಗೆಯದೆ ಮತ್ತೆ ಮತ್ತೆ ಆಟೋಕ್ಲೇವಿಗೆ ಇಡುವ ಅಭ್ಯಾಸ ಅನೇಕ ಕಡೆ ಇದೆ, ಅದೂ ತಪ್ಪು. ಪೂರ್ತಿ ಒಣಗಿದ ಹತ್ತಿ ಉಗಿಯ ತೇವವನ್ನು ಎಳೆದುಕೊಂಡು ತಾನೇ ಅತಿಯಾಗಿ ಕಾಯುತ್ತದೆ, ಆಗ ನೂಲೂ ಸುಡುತ್ತದೆ, ಸ್ಟೆರಿಲೈಸೇಷನ್ನೂ ಕೆಡುತ್ತದೆ.

ಜವಳಿ ಎಂಜಿನಿಯರ್, ಗದಗ-ಬೆಟಗೇರಿ:

ಸಿಸ್ಟರ್ ಅವರ ಮಾತಿಗೆ ಬಟ್ಟೆಯ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ನಮ್ಮ ಬೆಟಗೇರಿಯಲ್ಲಿ ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕು. ನಾನ್‌ವೋವನ್ ಬಟ್ಟೆಗೆ ಎರಡೂ ಇಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕಾಳುಗಳನ್ನು ಕರಗಿಸಿ, ಶ್ಯಾವಿಗೆ ಒತ್ತಿದಂತೆ ಸಣ್ಣ ರಂಧ್ರಗಳಿಂದ ಎಳೆಗಳನ್ನು ಹೊರಡಿಸಿ, ಓಡುವ ಪಟ್ಟಿಯ ಮೇಲೆ ಹರಡಿ, ಬಿಸಿ ರೋಲರಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಬೆಸೆದರೆ ಅದು ಸ್ಪನ್‌ಬಾಂಡ್. ಮದುವೆಮನೆಯಲ್ಲಿ ತೆಂಗಿನಕಾಯಿ ಹಾಕಿ ಕೊಡುವ ಚೀಲ ಇದೇ ಬಟ್ಟೆಯದು. ಗಟ್ಟಿತನ ಇದಕ್ಕೆ ಚೆನ್ನಾಗಿದೆ, ಆದರೆ ಎಳೆಗಳ ನಡುವೆ ಸಂದುಗಳು ದೊಡ್ಡವು. ಕರಗಿದ ಎಳೆಗೆ ಬಿಸಿಗಾಳಿ ರಭಸವಾಗಿ ಬೀಸಿ ಒಂದರಿಂದ ಐದು ಮೈಕ್ರಾನಿನಷ್ಟು ನವಿರು ಮಾಡಿದರೆ ಅದು ಮೆಲ್ಟ್‌ಬ್ಲೋನ್. ತಡೆಯುವ ಕೆಲಸವೆಲ್ಲ ಇದರದು, ಆದರೆ ಕೈಯಲ್ಲಿ ಎಳೆದರೆ ಹರಿದುಹೋಗುತ್ತದೆ. ಆದ್ದರಿಂದ ಇದನ್ನು ಎರಡು ಸ್ಪನ್‌ಬಾಂಡ್ ಪದರಗಳ ನಡುವೆ ಇಟ್ಟು ಬೆಸೆಯುತ್ತಾರೆ. ಎಸ್‌ಎಂಎಸ್ ಎನ್ನುವುದು ಈ ಮೂರು ಪದರಗಳ ಬಟ್ಟೆಯನ್ನು.

ಈಗ ನಿಮ್ಮ 40 ಜಿಎಸ್‌ಎಂ ವಿಚಾರ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ. ಬರೀ ಸ್ಪನ್‌ಬಾಂಡ್ ಕೂಡ 40 ತೂಗಬಹುದು, ಎಸ್‌ಎಂಎಸ್ ಕೂಡ 40 ತೂಗಬಹುದು. ನಿಮ್ಮಲ್ಲಿ ಸೋರಿದ್ದು ಬಹುಶಃ ಮೊದಲನೆಯ ಬಗೆಯದು. ಮಾದರಿಯ ಒಂದು ಮೂಲೆ ಕತ್ತರಿಸಿ ಉಗುರಿನಿಂದ ಪದರ ಬಿಡಿಸಿ ನೋಡಿ: ನಡುವೆ ಟಿಶ್ಯೂ ಕಾಗದದಂತೆ ಮೆತ್ತಗಿನ, ಎಳೆಗಳೇ ಕಾಣದ ಪೊರೆಯೊಂದು ಸಿಗಬೇಕು. ಸಿಗದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಇನ್ನೊಂದು ಎಚ್ಚರಿಕೆ. ಮಾರಾಟಕ್ಕೆ ಬಂದವರು ಬಟ್ಟೆಯ ಮೇಲೆ ನೀರು ಹನಿಸಿ, ಮುತ್ತಿನಂತೆ ನಿಂತಿದೆ ನೋಡಿ ಎಂದು ತೋರಿಸುತ್ತಾರೆ. ಪಾಲಿಪ್ರೊಪಿಲೀನಿಗೆ ನೀರು ಅಂಟದಿರುವುದು ಅದರ ಹುಟ್ಟುಗುಣ; ತೆಂಗಿನಕಾಯಿ ಚೀಲದ ಮೇಲೂ ಹನಿ ಹಾಗೆಯೇ ನಿಲ್ಲುತ್ತದೆ. ಥಿಯೇಟರಿನಲ್ಲಿ ನಡೆಯುವುದು ಬೇರೆ: ರಕ್ತದ ಮೇಲ್ಮೈ ಎಳೆತ ನೀರಿನದಕ್ಕಿಂತ ಕಡಿಮೆ, ಅದು ಸಂದುಗಳಲ್ಲಿ ಬೇಗ ಇಳಿಯುತ್ತದೆ, ಮೇಲಾಗಿ ವೈದ್ಯರು ಮೇಜಿಗೆ ಹೊಟ್ಟೆ ಒತ್ತಿಕೊಂಡೇ ನಿಂತಿರುತ್ತಾರೆ. ಹನಿ ನಿಂತಾಗ ಅದರ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿ, ಕೆಳಗೆ ಇಟ್ಟ ಕಾಗದ ನೆನೆಯಿತೇ ನೋಡಿ. ಇದು ಕೆಟ್ಟದ್ದನ್ನು ಹೊರಗಿಡಲಷ್ಟೇ ಸಾಕು. ಒಳ್ಳೆಯದನ್ನು ಒಪ್ಪಲು ಪ್ರಯೋಗಾಲಯದ ವರದಿಯೇ ಬೇಕು. ಗೌನಿಗೂ ಡ್ರೇಪಿಗೂ (ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಮೇಲೆ ಹೊದಿಸುವ ಬಟ್ಟೆ) ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನಕ ಐಎಸ್ 17334 ಇದೆ, ಯುರೋಪಿನದು ಇಎನ್ 13795. ಯುರೋಪಿನ ಮಾನಕದ ಪ್ರಕಾರ ಗೌನಿನ ಎದೆ ಮತ್ತು ತೋಳಿನ ಭಾಗ ಸಾಮಾನ್ಯ ದರ್ಜೆಯಲ್ಲಿ ಕನಿಷ್ಠ 20 ಸೆಂಟಿಮೀಟರ್, ಉನ್ನತ ದರ್ಜೆಯಲ್ಲಿ ಕನಿಷ್ಠ 100 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆಯಬೇಕು. ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾದಂಥ ಕಡೆ ಈ ಪರೀಕ್ಷೆಗಳು ನಡೆಯುತ್ತವೆ. ವರದಿ ಕೇಳಿದೊಡನೆ ಮಾರಾಟಗಾರರು ಮಾತು ಬದಲಿಸಿದರೆ ನೀವೂ ಅಂಗಡಿ ಬದಲಿಸಿ.

ಆಟೋಕ್ಲೇವಿನಲ್ಲಿ ಅಂಟಿದ್ದಕ್ಕೆ ಕಾರಣ ಸರಳವಾದದ್ದು. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಯಲ್ಲಿ, ಆದರೆ ಅದಕ್ಕೆ ಅಂಟಿಸುವ ತೆಳು ಪಾಲಿಥಿಲೀನ್ ಪದರ ಸಾಮಾನ್ಯವಾಗಿ 110ರ ಆಸುಪಾಸಿನಲ್ಲೇ ಕರಗುತ್ತದೆ. ನಿಮ್ಮ ಡ್ರಮ್ಮು ಕಾದದ್ದು 121ಕ್ಕೆ. ಈ ಗೌನುಗಳನ್ನು ಹೆಚ್ಚಾಗಿ ಕಾರ್ಖಾನೆಯಲ್ಲೇ ಇಟಿಒ (ಎಥಿಲೀನ್ ಆಕ್ಸೈಡ್) ಅನಿಲದಿಂದ ಸ್ಟೆರೈಲ್ ಮಾಡಿ ಕಳಿಸುತ್ತಾರೆ.

ಶಸ್ತ್ರವೈದ್ಯ, ಹಾವೇರಿ:

ಎಲ್ಲಕ್ಕೂ ಒಂದೇ ಗೌನು ಎಂಬ ಯೋಚನೆಯನ್ನು ಬಿಟ್ಟರೆ ನಿಮ್ಮ ಲೆಕ್ಕ ಸುಲಭವಾಗುತ್ತದೆ. ಕೊಳ್ಳುವ ಮೊದಲು, ಯಾವ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ದ್ರವ ಚೆಲ್ಲುತ್ತದೆ, ಎಷ್ಟು ಹೊತ್ತು ನಡೆಯುತ್ತದೆ ಎಂದು ಎರಡು ವಾರ ಬರೆದಿಡಿ. ಮುಕ್ಕಾಲು ಗಂಟೆಯ ಹರ್ನಿಯಾದಲ್ಲಿ ಗೌನು ಒದ್ದೆಯಾಗುವುದೇ ಇಲ್ಲ; ಚೆನ್ನಾಗಿರುವ ಹತ್ತಿಬಟ್ಟೆ ಅಲ್ಲಿ ಧಾರಾಳವಾಗಿ ಸಾಕು. ಸಿಸೇರಿಯನ್‌ಗೆ ಎದೆ ಮತ್ತು ತೋಳಿನಲ್ಲಿ ಪದರವಿರುವ ಗೌನು, ಬದಿಯಲ್ಲಿ ದ್ರವ ಸಂಗ್ರಹಿಸುವ ಚೀಲವಿರುವ ಡ್ರೇಪು ತರಿಸಿ. ಬೆನ್ನಿಗೂ ಪ್ಲಾಸ್ಟಿಕ್ ಪದರವಿರುವುದನ್ನು ದಯವಿಟ್ಟು ತರಬೇಡಿ. ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋಗಿ ಎ.ಸಿ. ನಿಂತಾಗ ಅದರೊಳಗೆ ನಿಲ್ಲುವವರ ಬವಣೆಯನ್ನು ಖರೀದಿಯವರು ಒಮ್ಮೆ ಅನುಭವಿಸಬೇಕು.

ಹತ್ತಿಯಿಂದ ಬದಲಾಗುವವರು ಮರೆಯುವ ಸಂಗತಿ ಒಂದಿದೆ. ದ್ರವ ಹೀರದ ಡ್ರೇಪಿನ ಕೆಳಗೆ ಸ್ಪಿರಿಟಿನ ಆವಿಯೂ ಸಿಕ್ಕಿಕೊಳ್ಳುತ್ತದೆ. ಸ್ಪಿರಿಟ್ ಇರುವ ದ್ರಾವಣವನ್ನು ಚರ್ಮಕ್ಕೆ ಹಚ್ಚಿದ ಮೇಲೆ ಕನಿಷ್ಠ ಮೂರು ನಿಮಿಷ ಒಣಗಲು ಬಿಟ್ಟು, ಸೊಂಟದ ಕೆಳಗೆ ಇಳಿದು ನಿಂತದ್ದನ್ನು ಒರೆಸಿ, ಆಮೇಲೆಯೇ ಡ್ರೇಪು ಹಾಸಬೇಕು. ಅವಸರಪಟ್ಟರೆ ಕಾಟರಿಯ (ರಕ್ತನಾಳವನ್ನು ಸುಟ್ಟು ಮುಚ್ಚುವ ವಿದ್ಯುತ್ ಸಾಧನ) ಒಂದು ಕಿಡಿ ಸಾಕು, ಬೆಂಕಿ ಹೊತ್ತಿಕೊಳ್ಳುತ್ತದೆ. ಹತ್ತಿ ಉರಿಯುತ್ತದೆ, ಈ ನಾನ್‌ವೋವನ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ.

ಥಿಯೇಟರ್ ಉಸ್ತುವಾರಿ, ಹುಬ್ಬಳ್ಳಿ:

ಮೂವರಿಗೂ ಧನ್ಯವಾದಗಳು. ಉಗುರಿನಿಂದ ಬಿಡಿಸಿ ನೋಡಿದೆ. ಸೋರಿದ ಗೌನಿನಲ್ಲಿ ನಡುವಿನ ಪೊರೆಯೇ ಇರಲಿಲ್ಲ. ಸಿಸೇರಿಯನ್‌ಗೆ ಮಾತ್ರ ಪದರದ ಗೌನು, ಉಳಿದದ್ದಕ್ಕೆ ಹತ್ತಿ ಎಂದು ಮೇಡಂ ಅವರೂ ಒಪ್ಪಿದ್ದಾರೆ. ಆದರೆ ಬಳಸಿದ ಗೌನನ್ನು ತ್ಯಾಜ್ಯದ ಯಾವ ಬಣ್ಣದ ಚೀಲಕ್ಕೆ ಹಾಕಬೇಕು ಎಂಬುದರಲ್ಲಿ ನಮ್ಮವರಲ್ಲೇ ಎರಡು ಪಕ್ಷಗಳಾಗಿವೆ. ಇದು ಪ್ಲಾಸ್ಟಿಕ್ ತಾನೇ, ಕೆಂಪು ಚೀಲ ಎನ್ನುವವರು ಕೆಲವರು. ಬಟ್ಟೆ ತಾನೇ, ಹಳದಿ ಎನ್ನುವವರು ಕೆಲವರು.

ಸೋಂಕು ನಿಯಂತ್ರಣ ನರ್ಸ್, ಗದಗ:

ಹಳದಿ ಚೀಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿಗೆ 2018ರಲ್ಲಿ ಆದ ತಿದ್ದುಪಡಿಯಲ್ಲಿ ಮಾಸ್ಕು ಮತ್ತು ಗೌನುಗಳನ್ನು ಹಳದಿಯ ಪಟ್ಟಿಗೇ ಸೇರಿಸಲಾಗಿದೆ. ರಕ್ತ ತಾಗಿದ ಡ್ರೇಪು ಹೇಗೂ ಹಳದಿಯೇ. ಕೆಂಪು ಚೀಲ ಗ್ಲೌಸು, ಟ್ಯೂಬು, ಕ್ಯಾತಿಟರ್ ಮುಂತಾದವುಗಳಿಗೆ, ಅಂದರೆ ಶುದ್ಧಗೊಳಿಸಿ ಪುಡಿಮಾಡಿ ಮರುಬಳಕೆಗೆ ಕಳಿಸುವ ಪ್ಲಾಸ್ಟಿಕ್ಕಿಗೆ. ಬರೀ ಪ್ಲಾಸ್ಟಿಕ್ ಹಾಳೆಯ ಏಪ್ರನ್ನುಗಳನ್ನು ಕೋವಿಡ್ ಕಾಲದ ಮಾರ್ಗಸೂಚಿ ಕೆಂಪಿಗೆ ಹಾಕಿಸಿತ್ತು, ನಿಮ್ಮಲ್ಲಿನ ಗೊಂದಲ ಅಲ್ಲಿಂದ ಬಂದಿರಬೇಕು. ರಕ್ತ ತಾಗಿದ ತ್ಯಾಜ್ಯವನ್ನು ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹತ್ತಿಯಿಂದ ಬದಲಾದ ಮೇಲೆ ಹಳದಿ ಚೀಲಗಳು ಎಷ್ಟು ಬೇಗ ತುಂಬುತ್ತವೆ ಎಂದು ನೋಡಿದರೆ ಗಾಬರಿಯಾಗುತ್ತದೆ. ಗೌನಿನ ಹೊರ ಪೊಟ್ಟಣವನ್ನೂ ರಟ್ಟನ್ನೂ ಥಿಯೇಟರಿನ ಬಾಗಿಲ ಹೊರಗೇ ಬಿಚ್ಚಿ ಸಾಮಾನ್ಯ ಕಸಕ್ಕೆ ಹಾಕಲು ಮೊದಲ ದಿನದಿಂದಲೇ ರೂಢಿ ಮಾಡಿಸಿ.